ಸಣ್ಣ ತೆಂಗಿನೆಣ್ಣೆ ಘಟಕಗಳಲ್ಲಿ ಗುಣಮಟ್ಟ ವ್ಯವಸ್ಥೆ ಮತ್ತು ಪ್ರಮಾಣಪತ್ರ: ಮೊದಲು ಯಾವುದು, ನಂತರ ಯಾವುದು?

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲೂಕಿನ ಕನ್ಯಾನವು ಕೇರಳದ ಗಡಿಗೆ ಹೊಂದಿಕೊಂಡಿರುವ ಗ್ರಾಮ. ಕನ್ಯಾನ, ವಿಟ್ಲ ಪರಿಸರದ ಕೃಷಿಕರಿಗೆ ಗುಣಮಟ್ಟದ ವರ್ಗೀಕರಣ ಹೊಸ ವಿಷಯವಲ್ಲ. ಚಾಲಿ ಅಡಿಕೆಯಿಂದ ಪಟೋರ, ಉಳ್ಳಿ, ಕರಿಗೋಟುಗಳನ್ನು ಬೇರ್ಪಡಿಸದೆ ಮಾರುಕಟ್ಟೆಗೆ ಒಯ್ದರೆ ಇಡೀ ಚೀಲಕ್ಕೆ ಕೀಳು ದರ ಬೀಳುತ್ತದೆ ಎಂಬುದು ಇಲ್ಲಿನ ಪ್ರತಿ ಮನೆಗೂ ಗೊತ್ತು. ಕರಾವಳಿಯ ಗೇರುಬೀಜ ಕಾರ್ಖಾನೆಗಳಲ್ಲಿ ದುಡಿದ ಮಹಿಳೆಯರಿಗೆ ‘ಡಬ್ಲ್ಯು 320’ ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬಿಳಿ ತಿರುಳು ತೂಗಬೇಕು ಎಂದು ಯಾರೂ ವಿವರಿಸಬೇಕಾಗಿಲ್ಲ.

ಆದರೆ ವರ್ಗೀಕರಣವೇ ಬೇರೆ, ಗುಣಮಟ್ಟ ವ್ಯವಸ್ಥೆಯೇ ಬೇರೆ. ವರ್ಗೀಕರಣವು ಉತ್ಪನ್ನ ಸಿದ್ಧವಾದ ಮೇಲೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸುತ್ತದೆ. ಗುಣಮಟ್ಟ ವ್ಯವಸ್ಥೆಯು ಕೆಟ್ಟದ್ದು ಉಂಟಾಗುವ ಹಂತವನ್ನು ಗುರುತಿಸಿ, ಅಲ್ಲಿಯೇ ಅದನ್ನು ತಡೆದು, ತಡೆದಿರುವುದಕ್ಕೆ ದಾಖಲೆ ಇಡುತ್ತದೆ. ಅಡಿಕೆಯಲ್ಲಿ ಕಪ್ಪಾದದ್ದನ್ನು ಕಣ್ಣಿನಿಂದ ಆರಿಸಬಹುದು. ಎಣ್ಣೆಯಲ್ಲಿ ಅದು ಸಾಧ್ಯವಿಲ್ಲ. ಬೂಷ್ಟು ಹಿಡಿದ ಐದು ಕಿಲೋ ಕೊಬ್ಬರಿ ನೂರು ಕಿಲೋ ಒಳ್ಳೆಯ ಕೊಬ್ಬರಿಯೊಡನೆ ಗಾಣಕ್ಕೆ ಬಿದ್ದ ಬಳಿಕ ಅದನ್ನು ಹಿಂದಕ್ಕೆ ಪಡೆಯುವ ದಾರಿಯಿಲ್ಲ. ಆದ್ದರಿಂದಲೇ ಸಂಸ್ಕರಣಾ ಘಟಕ ತೆರೆಯುವ ಕೃಷಿಕರು, ಸ್ವಸಹಾಯ ಸಂಘಗಳು ಹಾಗೂ ರೈತ ಉತ್ಪಾದಕ ಸಂಸ್ಥೆಗಳು ವರ್ಗೀಕರಣದ ಅಭ್ಯಾಸದಿಂದ ವ್ಯವಸ್ಥೆಯ ಅಭ್ಯಾಸಕ್ಕೆ ಬರಬೇಕಾಗಿದೆ. ಈ ಲೇಖನದಲ್ಲಿ ಸಣ್ಣ ತೆಂಗಿನೆಣ್ಣೆ ಘಟಕವೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡು ವಿಷಯವನ್ನು ವಿವರಿಸಲಾಗಿದೆ. ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸ್, ಗೇರು ತಿರುಳಿನ ಘಟಕಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ. ಅಪಾಯದ ಹಂತಗಳು ಮಾತ್ರ ಬೇರೆಯಾಗುತ್ತವೆ.

ಕಡ್ಡಾಯ ಯಾವುದು, ಐಚ್ಛಿಕ ಯಾವುದು?

ಹೊಸ ಉದ್ಯಮಿಗಳು ಹೆಚ್ಚಾಗಿ ಹಣ ಕಳೆದುಕೊಳ್ಳುವುದು ಈ ಎರಡರ ವ್ಯತ್ಯಾಸ ತಿಳಿಯದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಅಡಿಯಲ್ಲಿ ಆಹಾರ ತಯಾರಿಸಿ ಮಾರುವ ಪ್ರತಿಯೊಬ್ಬರಿಗೂ ಎಫ್‌ಎಸ್‌ಎಸ್‌ಎಐ ನೋಂದಣಿ ಅಥವಾ ಪರವಾನಗಿ ಕಡ್ಡಾಯ. 2011ರ ನಿಯಮಾವಳಿಯು ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿವರೆಗಿನ ಘಟಕಗಳಿಗೆ ನೋಂದಣಿಯನ್ನೂ, ಅದಕ್ಕಿಂತ ಮೇಲ್ಪಟ್ಟು 20 ಕೋಟಿವರೆಗಿನವುಗಳಿಗೆ ರಾಜ್ಯ ಪರವಾನಗಿಯನ್ನೂ ನಿಗದಿಪಡಿಸಿತು. ತಯಾರಿಕಾ ಘಟಕಗಳಲ್ಲಿ ವಹಿವಾಟಿನ ಜೊತೆಗೆ ಉತ್ಪಾದನಾ ಸಾಮರ್ಥ್ಯವನ್ನೂ ಪರಿಗಣಿಸಲಾಗುತ್ತದೆ. ಇಂತಹ ಮಿತಿಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಅರ್ಜಿ ಸಲ್ಲಿಸುವ ದಿನ ಫಾಸ್ಕಾಸ್ ಜಾಲತಾಣದಲ್ಲಿ ಇರುವ ಮಿತಿಯನ್ನೇ ಅನುಸರಿಸಬೇಕು. ಸಂದೇಹವಿದ್ದಲ್ಲಿ ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸುವುದು ಸೂಕ್ತ.

ಬಾಟಲಿಯ ಮೇಲೆ ಮುದ್ರಿಸುವ 14 ಅಂಕೆಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ ಗುಣಮಟ್ಟದ ಪ್ರಶಸ್ತಿಯಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಈ ಘಟಕವು ಕಾನೂನಿನ ಕಣ್ಣಿಗೆ ಗೊತ್ತಿದೆ ಎಂಬುದಷ್ಟೇ ಅದರ ಅರ್ಥ. ಹಾಗೆಂದು ಅದು ಕೇವಲ ಕಾಗದವೂ ಅಲ್ಲ. ಆ ನಿಯಮಾವಳಿಯ 4ನೇ ಅನುಸೂಚಿಯಲ್ಲಿ ಕಟ್ಟಡ, ನೀರು, ಕೀಟ ನಿಯಂತ್ರಣ, ಕೆಲಸಗಾರರ ಆರೋಗ್ಯ, ಶುಚಿತ್ವ ಮುಂತಾದವುಗಳ ಬಗ್ಗೆ ವಿವರವಾದ ಸೂಚನೆಗಳಿವೆ. ಸಣ್ಣ ಘಟಕಗಳಿಗೆ ಅದರ ಮೊದಲ ಭಾಗ ಅನ್ವಯಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ, ಬೇರಾವ ಪ್ರಮಾಣಪತ್ರದ ವಿಚಾರಕ್ಕೂ ಹೋಗುವ ಮುನ್ನ ಈ ಒಂದು ಭಾಗವನ್ನು ಘಟಕದ ಎಲ್ಲರೂ ಕುಳಿತು ಓದಿ, ತಮ್ಮಲ್ಲಿ ಯಾವುದು ಇದೆ, ಯಾವುದು ಇಲ್ಲ ಎಂದು ಗುರುತು ಹಾಕಿಕೊಳ್ಳುವುದು ಸಾವಿರಾರು ರೂಪಾಯಿಯ ಸಲಹೆಗಿಂತ ಮೇಲು.

ಇದರ ಜೊತೆಗೆ ಪೊಟ್ಟಣದ ಸರಕುಗಳಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯ 2011ರ ನಿಯಮಗಳು ಅನ್ವಯಿಸುತ್ತವೆ. ತಕ್ಕಡಿಗೆ ಇಲಾಖೆಯ ಮುದ್ರೆ ಇರಬೇಕು. ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ಪೂರ್ಣ ವಿಳಾಸ, ಗ್ರಾಹಕರು ದೂರು ಹೇಳಬೇಕಾದ ದೂರವಾಣಿ ಸಂಖ್ಯೆ ನಮೂದಾಗಿರಬೇಕು.

ಅಗ್‌ಮಾರ್ಕ್ (1937ರ ಕೃಷಿ ಉತ್ಪನ್ನ ವರ್ಗೀಕರಣ ಮತ್ತು ಗುರುತು ಕಾಯ್ದೆಯಡಿ), ಐಎಸ್ಒ 9001, ಐಎಸ್ಒ 22000, ಹ್ಯಾಸಪ್, ಜೆಡ್ ಇವು ಸಣ್ಣ ತೆಂಗಿನೆಣ್ಣೆ ಘಟಕಕ್ಕೆ ಐಚ್ಛಿಕ. ಖರೀದಿದಾರರು ಕೇಳಿದಾಗ ಅಥವಾ ಹೊಸ ಮಾರುಕಟ್ಟೆಗೆ ಹೋಗುವಾಗ ಮಾತ್ರ ಇವುಗಳ ವಿಚಾರ ಮಾಡಿದರೆ ಸಾಕು.

ಎಣ್ಣೆಯ ಗುಣಮಟ್ಟ ನಿರ್ಧಾರವಾಗುವುದು ಗಾಣದಲ್ಲಿ ಅಲ್ಲ

ತೆಂಗಿನೆಣ್ಣೆಯ ಕಮಟು ವಾಸನೆ, ಹಳದಿ ಬಣ್ಣ, ಬೇಗ ಕೆಡುವಿಕೆ ಇವುಗಳಿಗೆ ಮೂಲ ಕಾರಣ ಬಹುತೇಕ ಕೊಬ್ಬರಿಯ ತೇವಾಂಶ. ಹಸಿ ತೆಂಗಿನ ತಿರುಳಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದನ್ನು ಶೇ. 6ರ ಆಸುಪಾಸಿಗೆ ಇಳಿಸಿದಾಗ ಮಾತ್ರ ಕೊಬ್ಬರಿ ದಾಸ್ತಾನಿಗೆ ಯೋಗ್ಯ. ಮಾರ್ಚ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಇದು ಕಷ್ಟವಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಮಳೆಯಲ್ಲಿ ಅಂಗಳದಲ್ಲಿ ಒಣಗಿಸುವ ಮಾತೇ ಇಲ್ಲ. ಒಣಗಿದ ಕೊಬ್ಬರಿಯೂ ಗೋಣಿಯಲ್ಲಿಟ್ಟರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಆಸ್ಪರ್ಜಿಲಸ್ ಜಾತಿಯ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಇದು ಯಕೃತ್ತಿಗೆ ಹಾನಿಕಾರಕವಾಗಿದ್ದು, ಅಡುಗೆಯ ಬಿಸಿಗೆ ಪೂರ್ಣವಾಗಿ ನಾಶವಾಗುವುದಿಲ್ಲ. ಹಿಂಡಿಯಲ್ಲಿ ಉಳಿದ ವಿಷ ಹಸುವಿನ ಹೊಟ್ಟೆ ಸೇರಿ ಹಾಲಿಗೂ ಬರುತ್ತದೆ. ಎಣ್ಣೆ ಘಟಕದ ತಪ್ಪು ಎಣ್ಣೆಯಲ್ಲಿಯೇ ನಿಲ್ಲುವುದಿಲ್ಲ ಎಂಬುದನ್ನು ಹೈನುಗಾರಿಕೆಯೂ ಇರುವ ಮನೆಗಳು ವಿಶೇಷವಾಗಿ ಗಮನಿಸಬೇಕು.

ಬಣ್ಣ ನೋಡಿ ಯಾವ ಬೂಷ್ಟು ವಿಷಕಾರಿ, ಯಾವುದು ಅಲ್ಲ ಎಂದು ಹೇಳಲಾಗದು. ಆದ್ದರಿಂದ ಬೂಷ್ಟು ಕಂಡ ಹೋಳನ್ನು ಒರೆಸಿ ಬಳಸದೆ ಪೂರ್ಣ ತಿರಸ್ಕರಿಸಬೇಕು. ಅದನ್ನು ದನಕ್ಕೂ ಹಾಕಬಾರದು.

ತೇವಾಂಶ ಅಳೆಯಲು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಕೊಬ್ಬರಿಗೆಂದೇ ತೇವಾಂಶ ಮಾಪಕವನ್ನು ಅಭಿವೃದ್ಧಿಪಡಿಸಿದೆ. ಹೊಗೆ ತಾಗದಂತೆ ಒಣಗಿಸುವ ಡ್ರೈಯರ್‌ಗಳೂ ಇವೆ. ಈ ಸಂಸ್ಥೆಯ ಪ್ರಾದೇಶಿಕ ಕೇಂದ್ರವು ವಿಟ್ಲದಲ್ಲಿಯೇ ಇರುವುದು ಕನ್ಯಾನದವರಿಗೆ ದೊಡ್ಡ ಅನುಕೂಲ. ಮಾಪಕ ಕೊಳ್ಳುವ ಮೊದಲು ಸರಳ ವಿಧಾನವೂ ಇದೆ. ಬೇರೆ ಬೇರೆ ಗೋಣಿಗಳಿಂದ ಆರಿಸಿದ ಹೋಳುಗಳನ್ನು ಸಣ್ಣಗೆ ತುರಿದು 100 ಗ್ರಾಂ ತೂಗಿ, 100ರಿಂದ 105 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ತೂಕ ಮತ್ತೆ ಕಡಿಮೆಯಾಗದಷ್ಟು ಹೊತ್ತು ಒಣಗಿಸಬೇಕು. 94 ಗ್ರಾಂ ಉಳಿದರೆ ತೇವಾಂಶ ಶೇ. 6, 90 ಗ್ರಾಂ ಉಳಿದರೆ ಶೇ. 10, ಅಂದರೆ ಆ ಕೊಬ್ಬರಿ ಮತ್ತೆ ಡ್ರೈಯರ್‌ಗೆ ಹೋಗಬೇಕು.

ಗೆರಟೆಯ ಬದಲು ಸೌದೆ, ಸಿಪ್ಪೆ ಉರಿಸಿ ನೇರ ಹೊಗೆಯಲ್ಲಿ ಒಣಗಿಸಿದ ಕೊಬ್ಬರಿಯಲ್ಲಿ ಹೊಗೆಯ ಹಾನಿಕಾರಕ ಅಂಶಗಳು ಸೇರುತ್ತವೆ. ಎಣ್ಣೆಯ ಬಣ್ಣವೂ ಕಂದುತ್ತದೆ. ಗಂಧಕದ ಹೊಗೆ ಹಾಕಿದ ಬಿಳಿ ಕೊಬ್ಬರಿ ಹೊರಗಿನಿಂದ ಕೊಳ್ಳುವಾಗ ಕಣ್ಣಿಗೆ ಚೆಂದ ಕಾಣುತ್ತದೆ. ಅಂತಹ ಚೆಂದಕ್ಕೆ ಬೆಲೆ ಕೊಡಬಾರದು.

ಹ್ಯಾಸಪ್: ಏಳು ತತ್ತ್ವ, ಒಂದು ಪುಟ

ಅಮೆರಿಕದ ಬಾಹ್ಯಾಕಾಶ ಯಾತ್ರಿಗಳ ಆಹಾರ ಸುರಕ್ಷಿತವಾಗಿರಬೇಕೆಂದು 1960ರ ದಶಕದಲ್ಲಿ ರೂಪುಗೊಂಡ ಕ್ರಮವೇ ಹ್ಯಾಸಪ್. ಸಿದ್ಧ ಆಹಾರವನ್ನು ಪರೀಕ್ಷಿಸುತ್ತಾ ಹೋದರೆ ತಿನ್ನಲು ಏನೂ ಉಳಿಯದು ಎಂಬ ಸರಳ ಅರಿವಿನಿಂದ ಅದು ಹುಟ್ಟಿತು. ಇಂದು ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಅದನ್ನು ಅಂಗೀಕರಿಸಿದೆ. ಐಎಸ್ಒ 22000 ಮಾನಕದ ಬೆನ್ನೆಲುಬೂ ಅದೇ. ಅಪಾಯಗಳನ್ನು ಗುರುತಿಸುವುದು, ನಿರ್ಣಾಯಕ ನಿಯಂತ್ರಣ ಹಂತಗಳನ್ನು ಆರಿಸುವುದು, ಅವುಗಳಿಗೆ ಮಿತಿ ಹಾಕುವುದು, ಮಿತಿಯನ್ನು ಗಮನಿಸುವುದು, ಮೀರಿದಾಗ ಏನು ಮಾಡಬೇಕೆಂದು ಮೊದಲೇ ತೀರ್ಮಾನಿಸುವುದು, ವ್ಯವಸ್ಥೆ ಸರಿಯಿದೆಯೇ ಎಂದು ತಾಳೆ ನೋಡುವುದು, ದಾಖಲೆ ಇಡುವುದು ಎಂಬಿವು ಅದರ ಏಳು ತತ್ತ್ವಗಳು.

ದೊಡ್ಡ ಕಾರ್ಖಾನೆಯ ದಪ್ಪ ಕಡತವನ್ನು ಸಣ್ಣ ಘಟಕ ನಕಲು ಮಾಡಬೇಕಾಗಿಲ್ಲ. ತೆಂಗಿನೆಣ್ಣೆ ಘಟಕದ ಯೋಜನೆ ಒಂದು ಪುಟದಲ್ಲಿ ಮುಗಿಯಬಲ್ಲದು. ಕೊಬ್ಬರಿ ಸ್ವೀಕಾರದ ಹಂತವೇ ಮುಖ್ಯ ನಿಯಂತ್ರಣ ಹಂತ. ಮಿತಿ: ತೇವಾಂಶ ಶೇ. 6ರ ಒಳಗೆ, ಬೂಷ್ಟು ಕಂಡ ಹೋಳು ಇರಬಾರದು. ಗಮನಿಸುವವರು ಯಾರು, ಪ್ರತಿ ಲಾಟಿನಲ್ಲಿ ಎಷ್ಟು ಗೋಣಿಯಿಂದ ಮಾದರಿ ತೆಗೆಯಬೇಕು ಎಂಬುದನ್ನು ಹೆಸರು ಸಹಿತ ಬರೆಯಬೇಕು. ಮಿತಿ ಮೀರಿದರೆ ಮರು ಒಣಗಿಸುವಿಕೆ ಅಥವಾ ತಿರಸ್ಕಾರ. ಎರಡನೆಯದು ಸೋಸುವಿಕೆ. ಎಕ್ಸ್‌ಪೆಲ್ಲರ್‌ನಿಂದ ಬರುವ ಲೋಹದ ಚೂರು, ಗೆರಟೆಯ ತುಣುಕು, ಗೋಣಿಯ ನಾರು ಇಲ್ಲಿ ನಿಲ್ಲಬೇಕು. ಫಿಲ್ಟರ್ ಬಟ್ಟೆ ಹರಿದಿದೆಯೇ ಎಂದು ಪ್ರತಿ ಸಲ ನೋಡಿ ಸಹಿ ಹಾಕಬೇಕು. ಕೊಬ್ಬರಿ ಗಾಣಕ್ಕೆ ಬೀಳುವ ಮೊದಲು ಒಂದು ಅಯಸ್ಕಾಂತ ಇಟ್ಟರೆ ಮೊಳೆ, ತಂತಿಗಳು ಅಲ್ಲಿಯೇ ಸಿಗುತ್ತವೆ. ಯಂತ್ರದ ಗ್ರೀಸ್ ಎಣ್ಣೆಗೆ ತೊಟ್ಟಿಕ್ಕದಂತೆ ನೋಡಿಕೊಳ್ಳುವುದು ದಿನನಿತ್ಯದ ಕೆಲಸ.

ಕೊನೆಯದು ತುಂಬುವಿಕೆ. ತೊಳೆದ ಬಾಟಲಿ ಒಳಗೆ ಒದ್ದೆಯಿದ್ದರೆ ಎಷ್ಟೇ ಒಳ್ಳೆಯ ಎಣ್ಣೆಯಾದರೂ ಕೆಡುತ್ತದೆ. ಗ್ರಾಹಕರ ದೂರುಗಳಲ್ಲಿ ಈ ಕಾರಣ ಸಾಮಾನ್ಯ, ಆದರೆ ಸಂದೇಹ ಮಾತ್ರ ಯಾವಾಗಲೂ ಗಾಣದ ಮೇಲೆಯೇ ಬೀಳುತ್ತದೆ. ಒಮ್ಮೆ ಬಳಸಿದ ತಗಡಿನ ಡಬ್ಬಿ ಹಾಗೂ ಪ್ಲಾಸ್ಟಿಕ್ ಬಾಟಲಿಗಳನ್ನು ಖಾದ್ಯ ತೈಲಕ್ಕೆ ಮರುಬಳಕೆ ಮಾಡುವುದು ನಿಯಮಕ್ಕೆ ವಿರುದ್ಧ. ಒಂದು ಲೀಟರ್ ತೆಂಗಿನೆಣ್ಣೆ ಒಂದು ಕಿಲೋ ತೂಗುವುದಿಲ್ಲ, ಸುಮಾರು 915 ಗ್ರಾಂ ಮಾತ್ರ. ಚಳಿಗೆ ಎಣ್ಣೆ ಗಟ್ಟಿಯಾಗುವ ಕಾರಣ ಅಳತೆಯ ಪಾತ್ರೆಗಿಂತ ತೂಕದಿಂದ ತುಂಬುವುದೇ ನಂಬಿಕೆಗೆ ಅರ್ಹ.

ಪ್ರಯೋಗಾಲಯದ ವರದಿ ಓದುವ ಬಗೆ

ಎಫ್‌ಎಸ್‌ಎಸ್‌ಎಐ ಮಾನಕದ ಪ್ರಕಾರ ತೆಂಗಿನೆಣ್ಣೆಯ ಆಮ್ಲ ಮೌಲ್ಯ 6ನ್ನು ಮೀರಬಾರದು. ಅಯೋಡಿನ್ ಮೌಲ್ಯ 7.5ರಿಂದ 10ರ ನಡುವೆ, ಸಾಬೂನೀಕರಣ ಮೌಲ್ಯ 250ಕ್ಕೆ ಕಡಿಮೆಯಿಲ್ಲದಂತೆ, ಪೊಲೆನ್ಸ್ಕೆ ಮೌಲ್ಯ 13ಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಇವುಗಳಲ್ಲಿ ಆಮ್ಲ ಮೌಲ್ಯವು ಕೊಬ್ಬರಿಯ ಆರೈಕೆಯನ್ನು ತಿಳಿಸುತ್ತದೆ; ಉಳಿದವು ಮುಖ್ಯವಾಗಿ ಬೇರೆ ಎಣ್ಣೆ ಬೆರೆತಿದೆಯೇ ಎಂಬುದನ್ನು ಹೇಳುತ್ತವೆ. ಅಯೋಡಿನ್ ಮೌಲ್ಯ 15 ಎಂದು ಬಂದರೆ ತಾಳೆ ಎಣ್ಣೆಯಂತಹ ಅಗ್ಗದ ಎಣ್ಣೆಯ ಕಲಬೆರಕೆಯನ್ನು ಶಂಕಿಸಬೇಕು.

ವರದಿಗಳಲ್ಲಿ ಗೊಂದಲ ಉಂಟುಮಾಡುವ ಒಂದು ಅಂಶವಿದೆ. ಕೆಲವು ಪ್ರಯೋಗಾಲಯಗಳು ಆಮ್ಲ ಮೌಲ್ಯವನ್ನು ಕೊಡುತ್ತವೆ. ಇನ್ನು ಕೆಲವು ‘ಮುಕ್ತ ಕೊಬ್ಬಿನಾಮ್ಲ, ಲಾರಿಕ್ ಆಮ್ಲವಾಗಿ, ಶೇಕಡಾ’ ಎಂದು ಬರೆಯುತ್ತವೆ. ಈ ಶೇಕಡಾವಾರು ಅಂಕಿಯನ್ನು 2.8ರಿಂದ ಗುಣಿಸಿದರೆ ಆಮ್ಲ ಮೌಲ್ಯ ಸಿಗುತ್ತದೆ. ಶೇ. 2.5 ಎಂಬುದು ನೋಡಲು 6ಕ್ಕಿಂತ ಬಹಳ ಕಡಿಮೆ. ಗುಣಿಸಿದರೆ 7, ಅಂದರೆ ಮಾನಕ ಮೀರಿದ ಎಣ್ಣೆ. ಖರೀದಿದಾರರ ಜೊತೆ ಒಪ್ಪಂದ ಬರೆಯುವಾಗ ಯಾವ ಅಂಕಿ ಎಂಬುದನ್ನು ಸ್ಪಷ್ಟಪಡಿಸಬೇಕು. ಕಾನೂನಿನ ಮಿತಿ 6 ಆದರೂ ಘಟಕವು ತನ್ನ ಆಂತರಿಕ ಮಿತಿಯನ್ನು ಅದಕ್ಕಿಂತ ಬಹಳ ಬಿಗಿಯಾಗಿ ಇಟ್ಟುಕೊಳ್ಳಬೇಕು. ತುಂಬುವ ದಿನ 5 ಇದ್ದ ಎಣ್ಣೆ ಅಂಗಡಿಯ ಕಪಾಟಿನಲ್ಲಿ ನಾಲ್ಕು ತಿಂಗಳು ಕಳೆದ ಮೇಲೆಯೂ 6ರ ಒಳಗೇ ಇರುತ್ತದೆಂದು ಹೇಳಲಾಗದು.

ಪರವಾನಗಿ ಪಡೆದ ತಯಾರಕರು ಉತ್ಪನ್ನವನ್ನು ಕನಿಷ್ಠ ಆರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂಬುದು ಪರವಾನಗಿಯ ಷರತ್ತು. ಮಾದರಿಯನ್ನು ಎನ್‌ಎಬಿಎಲ್ ಮಾನ್ಯತೆಯ ಅಥವಾ ಎಫ್‌ಎಸ್‌ಎಸ್‌ಎಐ ಅಧಿಸೂಚಿತ ಪ್ರಯೋಗಾಲಯಕ್ಕೆ ಕಳುಹಿಸಬೇಕು. ಆರು ತಿಂಗಳಿಗೊಂದು ಮಾದರಿ ಕಳುಹಿಸುವುದಾದರೆ ಅದರಲ್ಲೊಂದು ಆಗಸ್ಟ್ ತಿಂಗಳ ಎಣ್ಣೆಯದಾಗಿರಲಿ. ಏಪ್ರಿಲ್‌ನ ಎಣ್ಣೆ ಎಲ್ಲರದ್ದೂ ಚೆನ್ನಾಗಿರುತ್ತದೆ.

ಮೂರು ಪುಸ್ತಕಗಳು

ಪ್ರಮಾಣಪತ್ರದ ಪರಿಶೋಧಕರು ಬಂದಾಗ ಮೊದಲು ಕೇಳುವುದು ದಾಖಲೆ. ಸಣ್ಣ ಘಟಕಕ್ಕೆ ಮೂರು ನೋಟುಪುಸ್ತಕ ಸಾಕು. ಒಂದರಲ್ಲಿ ಕೊಬ್ಬರಿ ಬಂದ ದಿನ, ಯಾರ ತೋಟದ್ದು, ತೂಕ, ತೇವಾಂಶ, ಸ್ವೀಕೃತಿ ಅಥವಾ ತಿರಸ್ಕಾರ. ಇನ್ನೊಂದರಲ್ಲಿ ಪ್ರತಿ ದಿನದ ಗಾಣದ ಬ್ಯಾಚ್ ಸಂಖ್ಯೆ, ಹಾಕಿದ ಕೊಬ್ಬರಿ, ಬಂದ ಎಣ್ಣೆ, ಹಿಂಡಿ ಮತ್ತು ಗಸಿಯ ತೂಕ. ಮೂರನೆಯದರಲ್ಲಿ ಯಾವ ಬ್ಯಾಚ್ ಯಾವ ಅಂಗಡಿಗೆ ಹೋಯಿತು, ಮತ್ತು ಬಂದ ದೂರುಗಳು.

ಎರಡನೆಯ ಪುಸ್ತಕದ ತೂಕದ ಲೆಕ್ಕವನ್ನು ಹಗುರವಾಗಿ ಕಾಣಬಾರದು. ನಿಮ್ಮ ಯಂತ್ರದಲ್ಲಿ 100 ಕಿಲೋ ಕೊಬ್ಬರಿಗೆ ಸಾಮಾನ್ಯವಾಗಿ 60 ಕಿಲೋ ಎಣ್ಣೆ ಬರುತ್ತಿದ್ದು ಒಂದು ವಾರ 55ಕ್ಕೆ ಇಳಿದರೆ ಕೊಬ್ಬರಿ ಹಸಿಯಿದೆ ಅಥವಾ ಯಂತ್ರ ಸವೆದಿದೆ ಎಂದರ್ಥ. ಕಾರಣವಿಲ್ಲದೆ ಏರಿದರೆ ಅದೂ ಪ್ರಶ್ನೆಯೇ.

ಪುಟ್ಟ ಅಭ್ಯಾಸವೊಂದನ್ನು ವಿಸ್ತರಣಾ ಕಾರ್ಯಕರ್ತರು ಮಾಡಿಸಬಹುದು. ಅಂಗಡಿಯಿಂದ ಘಟಕದ ಒಂದು ಬಾಟಲಿ ತಂದು, ಅದರ ಬ್ಯಾಚ್ ಸಂಖ್ಯೆಯಿಂದ ಕೊಬ್ಬರಿ ಯಾರ ತೋಟದ್ದು ಎಂಬವರೆಗೆ ಹಿಂದಕ್ಕೂ, ಅದೇ ಬ್ಯಾಚಿನ ಉಳಿದ ಬಾಟಲಿಗಳು ಎಲ್ಲಿವೆ ಎಂಬವರೆಗೆ ಮುಂದಕ್ಕೂ ಹುಡುಕಲು ಹೇಳಬೇಕು. ಎಷ್ಟು ಹೊತ್ತು ಹಿಡಿಯಿತು ಎಂದು ಗಡಿಯಾರ ನೋಡಬೇಕು. ಅರ್ಧ ದಿನದಲ್ಲಿ ಉತ್ತರ ಸಿಗದಿದ್ದರೆ ಒಂದು ಬ್ಯಾಚು ಕೆಟ್ಟಾಗ ಮಾರುಕಟ್ಟೆಯಲ್ಲಿರುವ ಎಲ್ಲವನ್ನೂ ಹಿಂದಕ್ಕೆ ತರಿಸಬೇಕಾಗುತ್ತದೆ. ಸಣ್ಣ ಘಟಕಕ್ಕೆ ಅದು ಬಾಗಿಲು ಮುಚ್ಚುವಷ್ಟು ನಷ್ಟ.

ದಾಖಲೆಯನ್ನು ತಿಂಗಳ ಕೊನೆಗೆ ಒಮ್ಮೆಲೇ ಒಂದೇ ಪೆನ್ನಿನಲ್ಲಿ ಬರೆಯುವ ಪರಿಪಾಠ ಹಲವೆಡೆ ಇದೆ. ಅನುಭವಿ ಪರಿಶೋಧಕರು ಅದನ್ನು ಮೊದಲ ಪುಟದಲ್ಲಿಯೇ ಗುರುತಿಸುತ್ತಾರೆ. ಪ್ರತಿ ದಿನವೂ ಸರಿಯಾಗಿ ಶೇ. 6.0 ತೇವಾಂಶ ಬರೆದ ಪುಸ್ತಕಕ್ಕಿಂತ, ಜುಲೈನಲ್ಲಿ ಎರಡು ಲಾಟು ತಿರಸ್ಕರಿಸಿದ್ದನ್ನು ತೋರಿಸುವ ಪುಸ್ತಕಕ್ಕೆ ಬೆಲೆ ಹೆಚ್ಚು.

ಐಎಸ್ಒ ಹೆಸರಿನಲ್ಲಿ ನಡೆಯುವ ಮೋಸ

ಜಿನೀವಾದಲ್ಲಿರುವ ಐಎಸ್ಒ ಸಂಸ್ಥೆಯು ಮಾನಕಗಳನ್ನು ಬರೆಯುತ್ತದೆಯೇ ಹೊರತು ಯಾರಿಗೂ ಪ್ರಮಾಣಪತ್ರ ನೀಡುವುದಿಲ್ಲ. ಪ್ರಮಾಣಪತ್ರ ನೀಡುವವು ಬೇರೆ ಸಂಸ್ಥೆಗಳು. ಆ ಸಂಸ್ಥೆಗಳಿಗೆ ಮಾನ್ಯತೆ ನೀಡಲು ಭಾರತೀಯ ಗುಣಮಟ್ಟ ಮಂಡಳಿಯ ಅಂಗವಾದ ಎನ್‌ಎಬಿಸಿಬಿ ಇದೆ. ಕೆಲವೇ ಸಾವಿರ ರೂಪಾಯಿಗೆ, ಎರಡು ದಿನದಲ್ಲಿ, ಘಟಕಕ್ಕೆ ಕಾಲಿಡದೆಯೇ ‘ಐಎಸ್ಒ ಸರ್ಟಿಫಿಕೇಟ್’ ಕಳುಹಿಸಿಕೊಡುವೆವು ಎನ್ನುವವರ ಕಾಗದಕ್ಕೆ ಗೋಡೆಯ ಅಲಂಕಾರಕ್ಕಿಂತ ಹೆಚ್ಚಿನ ಬೆಲೆಯಿಲ್ಲ. ದೊಡ್ಡ ಖರೀದಿದಾರರು ಅದನ್ನು ತಾಳೆ ನೋಡಿ ತಿರಸ್ಕರಿಸುತ್ತಾರೆ. ಬಾಟಲಿಯ ಮೇಲೆ ಮುದ್ರಿಸಿದ್ದರೆ ಗ್ರಾಹಕರನ್ನು ದಾರಿ ತಪ್ಪಿಸಿದ ದೋಷವೂ ತಗಲುತ್ತದೆ.

ನಿಜವಾದ ಪ್ರಮಾಣೀಕರಣದಲ್ಲಿ ಪರಿಶೋಧನೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ದಾಖಲೆ ಹಾಗೂ ಸಿದ್ಧತೆಯನ್ನು, ಎರಡನೆಯದರಲ್ಲಿ ಘಟಕದ ಕೆಲಸವನ್ನು ಪರಿಶೀಲಿಸುತ್ತಾರೆ. ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ ಮೂರು ವರ್ಷ. ನಡುವೆ ವರ್ಷಕ್ಕೊಮ್ಮೆ ಕಣ್ಗಾವಲು ಪರಿಶೋಧನೆ ಇರುತ್ತದೆ. ಅಂದರೆ ವೆಚ್ಚ ಒಂದೇ ಸಲದ್ದಲ್ಲ. ದರ ವಿಚಾರಿಸುವಾಗ ಮೂರು ವರ್ಷದ ಒಟ್ಟು ಮೊತ್ತವನ್ನೇ ಕೇಳಬೇಕು. ಸಲಹೆ ನೀಡುವವರೂ ಪ್ರಮಾಣಪತ್ರ ನೀಡುವವರೂ ಒಬ್ಬರೇ ಆಗಿದ್ದರೆ ಅಲ್ಲಿಗೆ ಮಾತು ನಿಲ್ಲಿಸಬಹುದು.

ಐಎಸ್ಒ 9001 (ಈಗ ಬಳಕೆಯಲ್ಲಿರುವುದು 2015ರ ಆವೃತ್ತಿ) ಯಾವ ಉದ್ಯಮಕ್ಕೂ ಅನ್ವಯಿಸುವ ಸಾಮಾನ್ಯ ಗುಣಮಟ್ಟ ಮಾನಕ. ಐಎಸ್ಒ 22000 (2018ರ ಆವೃತ್ತಿ) ಆಹಾರ ಸುರಕ್ಷತೆಗೆ ಸಂಬಂಧಿಸಿದ್ದು. ಎಣ್ಣೆ ಘಟಕಕ್ಕೆ ಎರಡರಲ್ಲಿ ಒಂದು ಬೇಕಾದರೆ ಎರಡನೆಯದೇ ಅರ್ಥಪೂರ್ಣ. ಊರಿನ ಮತ್ತು ಪುತ್ತೂರು, ಮಂಗಳೂರಿನ ಅಂಗಡಿಗಳಿಗಷ್ಟೇ ಮಾರುವ ಘಟಕಕ್ಕೆ ಸದ್ಯ ಎರಡೂ ಬೇಕಾಗಿಲ್ಲ. ಅದೇ ಹಣದಲ್ಲಿ ಡ್ರೈಯರ್ ಕೊಳ್ಳಬಹುದು. ವಿದೇಶಕ್ಕೆ ಕಳುಹಿಸುವುದಾದರೆ ಕೇಂದ್ರ ಪರವಾನಗಿ ಹಾಗೂ ತೆಂಗು ಅಭಿವೃದ್ಧಿ ಮಂಡಳಿಯಲ್ಲಿ ರಫ್ತುದಾರರ ನೋಂದಣಿ ಬೇಕಾಗುತ್ತದೆ. ಆಗ ಖರೀದಿದಾರರೇ ಯಾವ ಪ್ರಮಾಣಪತ್ರ ಬೇಕೆಂದು ಹೇಳುತ್ತಾರೆ.

ಲೇಬಲ್‌ನ ಮಾತುಗಳು

‘100% ಶುದ್ಧ’ ಎಂದು ದೊಡ್ಡಕ್ಷರದಲ್ಲಿ ಬರೆಯುವ ಆಸೆ ಎಲ್ಲರಿಗೂ ಇದೆ. ‘100%’ ಎಂಬ ಪದವನ್ನು ಲೇಬಲ್ ಹಾಗೂ ಜಾಹೀರಾತಿನಲ್ಲಿ ಬಳಸದಂತೆ ಎಫ್‌ಎಸ್‌ಎಸ್‌ಎಐ 2025ರ ಮೇ ತಿಂಗಳಿನಲ್ಲಿ ಸೂಚಿಸಿದೆ. ‘ಸಾವಯವ’ ಎಂದು ಬರೆಯಲು 2017ರ ನಿಯಮಗಳ ಪ್ರಕಾರ ಎನ್‌ಪಿಒಪಿ ಅಥವಾ ಪಿಜಿಎಸ್ ಪ್ರಮಾಣೀಕರಣ ಬೇಕು. ಎನ್‌ಪಿಒಪಿಯಲ್ಲಿ ತೆಂಗಿನಂತಹ ಬಹುವಾರ್ಷಿಕ ಬೆಳೆಗೆ ಮೂರು ವರ್ಷಗಳ ಪರಿವರ್ತನಾ ಅವಧಿ ಇದೆ. ಆದ್ದರಿಂದ ಆ ಯೋಚನೆಯಿದ್ದವರು ಘಟಕ ಕಟ್ಟುವ ಮೊದಲೇ ತೋಟವನ್ನು ನೋಂದಾಯಿಸಬೇಕು.

ಅಡುಗೆಯ ಎಣ್ಣೆಯ ಬಾಟಲಿಯ ಮೇಲೆ ಕೂದಲಿನ ಚಿತ್ರ ಹಾಕಬಾರದು. ಸಣ್ಣ ಪೊಟ್ಟಣದ ತೆಂಗಿನೆಣ್ಣೆ ಖಾದ್ಯ ತೈಲವೋ ಕೇಶತೈಲವೋ ಎಂಬ ದೀರ್ಘ ತೆರಿಗೆ ವಿವಾದದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿ, ಪೊಟ್ಟಣ ಚಿಕ್ಕದೆಂಬ ಒಂದೇ ಕಾರಣಕ್ಕೆ ಅದನ್ನು ಕೇಶತೈಲವೆನ್ನಲಾಗದು ಎಂದಿತು. ಆದರೆ ಲೇಬಲ್ಲೇ ಕೇಶತೈಲ ಎಂದು ಹೇಳಿದರೆ ಕಥೆ ಬೇರೆ; ಅದಕ್ಕೆ ಸೌಂದರ್ಯವರ್ಧಕದ ಪರವಾನಗಿ ಬೇಕಾಗುತ್ತದೆ; 2025ರವರೆಗೆ ಬೇರೆ ತೆರಿಗೆ ದರವೂ ಅನ್ವಯಿಸುತ್ತಿತ್ತು.

ಸಹಾಯಧನ

2020ರ ಜೂನ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ನಿಯಮಬದ್ಧಗೊಳಿಸುವಿಕೆ ಯೋಜನೆಯಲ್ಲಿ (ಪಿಎಂಎಫ್‌ಎಂಇ) ಘಟಕದ ವೆಚ್ಚಕ್ಕೆ ಸಾಲ ಸಂಯೋಜಿತವಾಗಿ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ನಿಗದಿಯಾಗಿದೆ. ಕರ್ನಾಟಕದಲ್ಲಿ ಇದರ ನೋಡಲ್ ಸಂಸ್ಥೆ ಕೆಪೆಕ್. ಡ್ರೈಯರ್, ಫಿಲ್ಟರ್ ಪ್ರೆಸ್, ತೇವಾಂಶ ಮಾಪಕಗಳನ್ನು ಯೋಜನಾ ವರದಿಯಲ್ಲಿಯೇ ಸೇರಿಸಬೇಕು. ಗಾಣ ಮಾತ್ರ ಸೇರಿಸಿ ಉಳಿದದ್ದನ್ನು ‘ಮುಂದೆ ನೋಡೋಣ’ ಎಂದು ಬಿಡುವುದು ಸರಿಯಲ್ಲ. ಉದ್ಯಮ್ ನೋಂದಣಿ ಇರುವ ಘಟಕಗಳಿಗೆ ಕೇಂದ್ರದ ಜೆಡ್ ಯೋಜನೆಯಲ್ಲಿ ಕಂಚು, ಬೆಳ್ಳಿ, ಚಿನ್ನ ಎಂಬ ಮೂರು ಮಟ್ಟದ ಪ್ರಮಾಣಪತ್ರಗಳಿದ್ದು, ಕಿರು ಉದ್ದಿಮೆಗಳಿಗೆ ಪ್ರಮಾಣೀಕರಣ ವೆಚ್ಚದ ಶೇ. 80ರಷ್ಟು ರಿಯಾಯಿತಿ ಇದೆ. ಇದು ಕೆಲಸದ ಶಿಸ್ತಿಗೆ ಒಳ್ಳೆಯದು, ಆಹಾರ ಸುರಕ್ಷತಾ ಪ್ರಮಾಣಪತ್ರಕ್ಕೆ ಬದಲಿ ಅಲ್ಲ. ಎರಡೂ ಯೋಜನೆಗಳ ಅವಧಿ ಮತ್ತು ಮೊತ್ತ ಆಯಾ ವರ್ಷದ ಆದೇಶಕ್ಕೆ ಒಳಪಟ್ಟಿರುವುದರಿಂದ ಅರ್ಜಿಗೆ ಮುನ್ನ ರೈತ ಸಂಪರ್ಕ ಕೇಂದ್ರ ಅಥವಾ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಬೇಕು.

ಘಟಕ ಆರಂಭಿಸಲು ಮಳೆಗಾಲ ಮುಗಿದು ಕೊಬ್ಬರಿ ಚೆನ್ನಾಗಿ ಒಣಗುವ ಸಮಯ ಸೂಕ್ತ. ಮುಂದಿನ ಜೂನ್ ಬರುವಷ್ಟರಲ್ಲಿ ಡ್ರೈಯರ್ ಚಾಲನೆಯಲ್ಲಿರಬೇಕು, ಮೂರು ಪುಸ್ತಕಗಳಲ್ಲಿ ಕನಿಷ್ಠ ಆರು ತಿಂಗಳ ಬರಹ ಇರಬೇಕು. ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸುವುದಾದರೆ ಮೊದಲ ಮಳೆ ಬಿದ್ದು ಬಾವಿಗೆ ಹೊಸ ನೀರು ಸೇರಿದ ಮೇಲೆ ಕಳುಹಿಸಬೇಕು.